ಡಯಾಲಿಸಿಸ್ ವಾರ್ಡಿನ ಆ ಸಿಸ್ಟರ್‌ಗೆ

ಹೆಸರು ಕೇಳೋಣ ಅಂದುಕೊಳ್ಳುವಷ್ಟರಲ್ಲಿ ನಿಮಗೆ ಬೇರೆ ಕಡೆ ಡ್ಯೂಟಿ ಬಿತ್ತು. ಹಾಗಾಗಿ ಇಲ್ಲೇ ಹೇಳುತ್ತಿದ್ದೇನೆ, ಸಿಸ್ಟರ್.

ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದ ಅಪ್ಪನ ಕೈಯ ಮೇಲೆ ನನ್ನ ಬೆರಳಿಡಿಸಿ, "ಈ ಝುಮ್ಮನೆ ಮಿಡಿತ ದಿನಾ ಸಿಗಬೇಕು. ಸಿಗದಿದ್ದರೆ ಕಾಯಬೇಡಿ, ತಕ್ಷಣ ಬನ್ನಿ" ಎಂದಿರಿ. ಆ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ತೆಗೆಸಬಾರದು, ಅದರ ಮೇಲೆ ಮಲಗಬಾರದು ಅಂತ ಕಲಿಸಿದ್ದೂ ನೀವೇ.

ಸೂಜಿಗಿಂತ ಅಪ್ಪನಿಗೆ ಕಷ್ಟವಾಗಿದ್ದು ಬಾಯಾರಿಕೆ. ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ನೀರು ನಿಂತು ತೂಕ ಜಾಸ್ತಿಯಾದರೆ ನೀವು ಬೈಯಲಿಲ್ಲ. ಉಪ್ಪು ಕಡಿಮೆ ಮಾಡಿದರೆ ಬಾಯಾರಿಕೆಯೂ ತಗ್ಗುತ್ತದೆ ಎಂದಿರಿ. ಉಳಿದವರೆಲ್ಲ ಸುಮ್ನೆ "ನೀರು ಕುಡೀಬೇಡಿ" ಅನ್ನುತ್ತಿದ್ದರು, ಅಷ್ಟೇ!

ಕಾಲಿನ ಸ್ನಾಯು ಹಿಡಿದುಕೊಂಡರೂ, ಬಿಪಿ ಇಳಿದು ತಲೆ ಸುತ್ತಿದರೂ ಅಪ್ಪ ಬಾಯಿ ಬಿಡುತ್ತಿರಲಿಲ್ಲ. ಮುಖ ನೋಡಿಯೇ ನೀವು ಮಷಿನ್ ಹತ್ತಿರ ಬಂದುಬಿಡುತ್ತಿದ್ದಿರಿ.

ತುಂಬಾ ಥ್ಯಾಂಕ್ಸ್ ಸಿಸ್ಟರ್, ಅಪ್ಪನ ಕಡೆಯಿಂದಲೂ.