ಮಳೆಗಾಲದ ಸಿದ್ಧತೆಯಲ್ಲಿ ಹಸಿ ಬಾಣಂತಿಯರಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಮುಂಗಾರು ಸಮೀಪಿಸುತ್ತಿದ್ದಂತೆ ಭೂಕುಸಿತದ ಅಪಾಯವಿರುವ ತಪ್ಪಲುಗಳನ್ನೂ ನೀರು ನುಗ್ಗುವ ನದಿದಂಡೆಯ ಊರುಗಳನ್ನೂ ಗುರುತಿಸುವುದು, ಕಾಳಜಿ ಕೇಂದ್ರಗಳಿಗೆ ಶಾಲೆಗಳನ್ನು ಗೊತ್ತುಮಾಡುವುದು, ಬಿದ್ದ ಮರ ತೆರವುಗೊಳಿಸಲು ಯಂತ್ರಗಳನ್ನು ಸಜ್ಜಾಗಿರಿಸುವುದು 2018ರ ಆಗಸ್ಟ್ ತಿಂಗಳ ದುರಂತದ ನಂತರ ನಮ್ಮ ಕೊಡಗಿನಲ್ಲಿ ಪ್ರತಿ ವರ್ಷದ ವಾಡಿಕೆಯಾಗಿದೆ. ದಿನ ತುಂಬಿದ ಗರ್ಭಿಣಿಯರ ಮೇಲೆ ಆರೋಗ್ಯ ಇಲಾಖೆಯವರು ಕಣ್ಣಿಟ್ಟಿರುವುದೂ ನಿಜ. ಆದರೆ ಈ ಎಚ್ಚರವೆಲ್ಲ ಹೆರಿಗೆಯ ದಿನದವರೆಗೆ ಬಿಗಿಯಾಗಿದ್ದು, ತಾಯಿ ಮಗುವನ್ನೆತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದ ಕೂಡಲೇ ಸಡಿಲವಾಗುತ್ತದೆ. ಕಳೆದ ಮಳೆಗಾಲದಲ್ಲಿ ಚೊಚ್ಚಲ ಹೆರಿಗೆಯಾದ ನನಗೆ, ಹೆತ್ತ ದಿನಕ್ಕಿಂತ ಮನೆಗೆ ಮರಳಿದ ಮೇಲಿನ ಮೊದಲ ವಾರವೇ ಹೆಚ್ಚು ಅಪಾಯದ್ದೆಂದು ಅನುಭವಕ್ಕೆ ಬಂದುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಹೆರಿಗೆಯ ವಿಚಾರದಲ್ಲಿ ನನ್ನದೇನೂ ದೂರಿಲ್ಲ. ನೋವು ರಾತ್ರಿಯಿಡೀ ಎಳೆಯಿತು, ಹೊಲಿಗೆ ಬಿದ್ದವು, ಅಷ್ಟೇ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿರುವುದರಿಂದ ನನ್ನ ತಾಯಿ ಪಕ್ಕದಲ್ಲೇ ನಿಂತಿದ್ದರು. ಮಗುವನ್ನು ಒರೆಸಿ ನೇರವಾಗಿ ನನ್ನ ಎದೆಯ ಮೇಲೆ ಮಲಗಿಸಿ, ಗಂಟೆಯೊಳಗೆ ಹಾಲಿಗೆ ಹಚ್ಚಿದರು. ವಿಟಮಿನ್ ಕೆ ಚುಚ್ಚುಮದ್ದು, ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಲಸಿಕೆ ಎಲ್ಲವೂ ಹೊತ್ತಿಗೆ ಸರಿಯಾಗಿ ಆದವು. ಮಗುವಿಗೆ ಮೊದಲ ದಿನ ಸ್ನಾನ ಮಾಡಿಸುವುದು ಬೇಡವೆಂದೂ ಹೇಳಿದರು. ಎರಡು ದಿನ ಕಳೆಯುತ್ತಿದ್ದಂತೆ ಹಾಸಿಗೆಗೆ ಬೇರೆಯವರು ಕಾಯುತ್ತಿದ್ದುದರಿಂದ ನಮ್ಮನ್ನು ಬಿಡುಗಡೆ ಮಾಡಿದರು. ಸಹಜ ಹೆರಿಗೆಗೆ 48 ಗಂಟೆ ಎಂಬುದೇ ನಿಯಮವಾಗಿರುವಾಗ ಅದರಲ್ಲಿ ಯಾರದೂ ತಪ್ಪಿಲ್ಲ.

ತೊಡಕಿರುವುದು ಆ 48 ಗಂಟೆಯ ಲೆಕ್ಕದಲ್ಲಿಯೇ. ಮೊದಲೆರಡು ದಿನ ತಾಯಿಗೆ ಬರುವುದು ಹಳದಿ ಬಣ್ಣದ, ಗಟ್ಟಿಯಾದ, ಕೆಲವೇ ಹನಿಗಳಷ್ಟು ಹಾಲು. ಮಗುವಿಗೆ ಅಷ್ಟು ಸಾಕು, ಅದು ಅಮೂಲ್ಯವೂ ಹೌದು. ಎದೆ ತುಂಬಿ ಹಾಲಿಳಿಯುವುದು ಸಾಮಾನ್ಯವಾಗಿ ಮೂರನೆಯ ದಿನದ ಆಸುಪಾಸಿನಲ್ಲಿ, ಚೊಚ್ಚಲ ಬಾಣಂತಿಯರಿಗೆ ಇನ್ನೂ ಸ್ವಲ್ಪ ತಡವಾಗಿ. ಹುಟ್ಟಿದಾಗಿನ ತೂಕದಲ್ಲಿ ಶೇ 7ರಿಂದ 10ರವರೆಗೆ ಇಳಿಯುವುದು ಇದೇ ದಿನಗಳಲ್ಲಿ. ಶಿಶುಗಳ ಕಾಮಾಲೆ ಎರಡು ಮೂರನೆಯ ದಿನ ಕಾಣಿಸಿಕೊಂಡು ನಾಲ್ಕೈದನೆಯ ದಿನಕ್ಕೆ ಏರುತ್ತದೆ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿಯೂ ಹತ್ತರಲ್ಲಿ ಆರು ಮಕ್ಕಳಿಗೆ ಅದು ಅಷ್ಟೋ ಇಷ್ಟೋ ಬಂದೇ ಬರುತ್ತದೆ. ಬಹುಪಾಲು ತಾನಾಗಿಯೇ ಇಳಿದರೂ, ಹಾಲು ಸಾಲದೆ ಮಗು ಸೊರಗಿದರೆ ಏರುತ್ತಲೇ ಹೋಗಿ ಮೆದುಳಿಗೆ ಹಾನಿ ಮಾಡುವ ಸಾಧ್ಯತೆಯೂ ಇರುತ್ತದೆ. ಅಂದರೆ, ಬಲ್ಲವರೊಬ್ಬರು ಮಗುವನ್ನು ನೋಡಲೇಬೇಕಾದ ದಿನಗಳು ನಾವು ಮನೆಗೆ ಹೊರಟ ಮೇಲೆಯೇ ಆರಂಭವಾಗುತ್ತವೆ. ಮೈಸೂರಿನಂಥ ನಗರದಲ್ಲಿ ಇದು ದೊಡ್ಡ ಸಂಗತಿಯಲ್ಲ, ಆಟೊ ಹತ್ತಿ ಮತ್ತೆ ಆಸ್ಪತ್ರೆಗೆ ಬಂದರಾಯಿತು. ಮಳೆ ಬಿಡದೆ ಸುರಿಯುವ ಆಟಿ ತಿಂಗಳ ಕೊಡಗಿನಲ್ಲಿ ಹಾಗಾಗುವುದಿಲ್ಲ.

ನನ್ನ ತವರು ಭಾಗಮಂಡಲ ಮತ್ತು ನಾಪೋಕ್ಲು ನಡುವಿನ ರಸ್ತೆಯಿಂದ ಒಳಗೆ, ತೋಟದ ನಡುವಿನ ಒಂಟಿ ಮನೆ. ತ್ರಿವೇಣಿ ಸಂಗಮದಲ್ಲಿ ಕಾವೇರಿ ಉಕ್ಕಿದರೆ ಆ ರಸ್ತೆಯ ಮೇಲೆ ನೀರು ನಿಲ್ಲುವುದು ತಮ್ಮ ಪತ್ರಿಕೆಯ ಓದುಗರಿಗೆ ಹೊಸ ಸುದ್ದಿಯೇನಲ್ಲ. ನಾವು ಮನೆ ಸೇರಿದ ಮರುದಿನವೇ ಗಾಳಿಗೆ ಮರಗಳು ಉರುಳಿ ಕರೆಂಟು ಹೋಯಿತು, ಅದರ ಬೆನ್ನಿಗೇ ಮೊಬೈಲ್ ಟವರ್ ಕೂಡ ಸತ್ತಿತು, ಮನೆಯ ದಾರಿಗೆ ಬರೆ (ಪಕ್ಕದ ಮಣ್ಣಿನ ದಿಬ್ಬ) ಕುಸಿಯಿತು. ಮಗು ಹಾಲಿಗೆ ಬಾಯಿ ಹಚ್ಚಿ ಎರಡು ಗುಟುಕಿಗೇ ನಿದ್ದೆಹೋಗುತ್ತಿತ್ತು. ಅಳು ಕಡಿಮೆಯಾಗಿದ್ದುದನ್ನು ಕಂಡು ಬಂದವರೆಲ್ಲ ‘ಎಷ್ಟು ಸಾಧು ಮಗು’ ಎಂದು ಮೆಚ್ಚಿಕೊಂಡರು. ಕವಿದ ಮೋಡ, ಮುಚ್ಚಿದ ಕಿಟಕಿ, ಎಣ್ಣೆ ದೀಪದ ಬೆಳಕು. ಅದರಲ್ಲಿ ಎಲ್ಲರ ಮುಖವೂ ಹಳದಿಯಾಗಿಯೇ ಕಾಣುವಾಗ ಮಗುವಿನ ಮೈ ಹಳದಿಯಾಗಿದೆಯೆಂದು ತಿಳಿಯುವುದು ಹೇಗೆ? ಮಗುವನ್ನು ಹಗಲು ಬೆಳಕಿಗೆ ತಂದು ಹಣೆಯನ್ನೋ ಎದೆಯನ್ನೋ ಬೆರಳಿನಿಂದ ಮೃದುವಾಗಿ ಒತ್ತಿ ಬಿಟ್ಟು ನೋಡಬೇಕು, ಹಳದಿ ಅಂಗೈ ಅಂಗಾಲಿಗೆ ಇಳಿದಿದ್ದರೆ ತಡಮಾಡದೆ ಹೊರಡಬೇಕು ಎಂಬುದನ್ನು ನನಗೆ ತಿಳಿಸಿದವರು ಎರಡನೆಯ ಬಾರಿ ಸೇರಿಸಿಕೊಂಡ ಆಸ್ಪತ್ರೆಯ ದಾದಿ. ಒದ್ದೆಬಟ್ಟೆಯ ಲೆಕ್ಕವನ್ನೂ ಅವರೇ ಹೇಳಿಕೊಟ್ಟರು: ಐದಾರನೆಯ ದಿನಕ್ಕೆ ಮಗು ಇಪ್ಪತ್ತನಾಲ್ಕು ಗಂಟೆಯಲ್ಲಿ ಕನಿಷ್ಠ ಆರು ಸಲ ಮೂತ್ರ ಮಾಡಬೇಕು, ಕಪ್ಪು ಮಲ ಹಳದಿಗೆ ತಿರುಗಿರಬೇಕು, ಹಾಲು ಎಂಟರಿಂದ ಹನ್ನೆರಡು ಸಲ ಕುಡಿಯಬೇಕು, ಮಲಗಿಯೇ ಇದ್ದರೆ ಎಬ್ಬಿಸಿ ಕುಡಿಸಬೇಕು. ಇಷ್ಟನ್ನು ಬಿಡುಗಡೆಯ ದಿನವೇ ದಪ್ಪಕ್ಷರದ ಒಂದು ಚೀಟಿಯಲ್ಲಿ ಬರೆದುಕೊಡುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

ನೆರೆಯವರು ಬರೆಯ ಮಣ್ಣನ್ನು ಗುದ್ದಲಿಯಲ್ಲಿ ಸರಿಸಿ, ಬಾಡಿಗೆ ಜೀಪೊಂದನ್ನು ಮೇಲಿನ ತೋಟದ ಸುತ್ತುದಾರಿಯಲ್ಲಿ ತಂದು ನಮ್ಮನ್ನು ಪೇಟೆ ತಲುಪಿಸಿದರು. 108ಕ್ಕೆ ಕರೆ ಮಾಡಬೇಕೆಂದರೂ ಸಿಗ್ನಲ್ ಇರಲಿಲ್ಲ. ಮಗುವನ್ನು ನೀಲಿ ಬೆಳಕಿನಡಿ ಮಲಗಿಸಿ ಚಿಕಿತ್ಸೆ ಕೊಟ್ಟರು. ನನಗೆ ಹಾಲುಣಿಸುವ ಕ್ರಮವನ್ನು ಮೊದಲಿನಿಂದ ಕಲಿಸಿದರು. ಮೊಲೆಯ ತುದಿಯಷ್ಟೇ ಸಾಲದು, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಮಗುವಿನ ಗದ್ದ ಎದೆಗೆ ತಾಗಿ ಕೆಳದುಟಿ ಹೊರಕ್ಕೆ ಮಡಿಚಿರಬೇಕು. ಮೊದಲ ದಿನಗಳಲ್ಲಿ ನನಗಾದ ಬಿರುಕಿನ ನೋವು ಅಲ್ಲಿಂದೀಚೆಗೆ ಇಳಿಯಿತು. ಮಗು ಈಗ ಗೆಲುವಾಗಿದೆ.

ಬಾಣಂತನದ ಸಂಪ್ರದಾಯವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮನೆಗೆಲಸದಿಂದ ಬಿಡುವು, ಹೊತ್ತು ಹೊತ್ತಿಗೆ ಬಿಸಿ ಊಟ, ರಾತ್ರಿ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೋಡಿ ಕೈ, ಇವನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಕೂದಲು ಒಣಗದ ಆ ಥಂಡಿಯಲ್ಲಿ ಹಂಡೆಯ ಬಿಸಿನೀರಿನ ಸುಖವನ್ನು ಅನುಭವಿಸಿದವರೇ ಬಲ್ಲರು. ಆದರೆ ಮೂರು ಸಂಗತಿಗಳನ್ನು ಹೇಳದೆ ಬಿಡಲಾರೆ. ಕೊಡಗಿನ ಜೇನಿಗೆ ಎಷ್ಟೇ ಹೆಸರಿರಲಿ, ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಅದನ್ನು ಸವರಬಾರದು. ಅದರಲ್ಲಿರಬಹುದಾದ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಕಣಗಳು ದೊಡ್ಡವರಿಗೆ ಏನೂ ಮಾಡದಿದ್ದರೂ ಶಿಶುವಿನ ಕರುಳಿನಲ್ಲಿ ಮೊಳೆತು ವಿಷ ಕಾರಬಲ್ಲವು. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಸಿನ ಯಾವುದೂ ಬೇಡ, ಒಣಗಿದ್ದರೆ ತಾನಾಗಿಯೇ ಬೀಳುತ್ತದೆ. ಇನ್ನು ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆ: ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಟ್ಟರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬುತ್ತದೆ, ಮಲಗಿದವರು ಏಳದೇ ಹೋಗಬಹುದು. ಮಗುವನ್ನು ಬೆಚ್ಚಗಿಡಲು ತಾಯಿಯ ಎದೆಗೆ ಬರಿಮೈಯಲ್ಲಿ ಅಪ್ಪಿಸಿ ಮೇಲೊಂದು ಕಂಬಳಿ ಹೊದೆಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎರಡೂವರೆ ಕಿಲೊಗಿಂತ ಕಡಿಮೆ ತೂಕದ ಮಕ್ಕಳಿಗಂತೂ ವೈದ್ಯರೇ ಇದನ್ನು ಹೇಳುತ್ತಾರೆ. ‘ಎಳೆ ಬಿಸಿಲಿಗೆ ಹಿಡಿಯಿರಿ, ಕಾಮಾಲೆ ಇಳಿಯುತ್ತದೆ’ ಎಂದು ಸಲಹೆ ಕೊಟ್ಟವರೂ ಇದ್ದರು. ಬಿಸಿಲು ಚಿಕಿತ್ಸೆಗೆ ಬದಲಿಯಲ್ಲ ಎಂಬುದು ಹಾಗಿರಲಿ, ಆ ವಾರ ಬಿಸಿಲನ್ನು ಎಲ್ಲಿಂದ ತರುವುದು?

ಈಗ ವ್ಯವಸ್ಥೆಯ ವಿಚಾರಕ್ಕೆ ಬರುತ್ತೇನೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ಮಗುವಿನ ತೂಕ, ಮೈಬಿಸಿ, ಉಸಿರಾಟ ನೋಡಬೇಕೆಂದು ಕಾರ್ಯಕ್ರಮವೇ ಇದೆ. ಮೂರನೆಯ ದಿನವನ್ನು ಆರಿಸಿದವರು ಬಲ್ಲವರೇ. ನನ್ನ ಮನೆಗೆ ಆ ದಿನ ಯಾರೂ ಬರಲಿಲ್ಲ. ವಿಚಾರಿಸಿದಾಗ ತಿಳಿದ ಕಾರಣ ಯಾರೊಬ್ಬರ ಅಸಡ್ಡೆಯೂ ಆಗಿರಲಿಲ್ಲ. ನನ್ನ ಹೆಸರಿದ್ದುದು ಗಂಡನ ಮನೆಯಿರುವ ಸೋಮವಾರಪೇಟೆ ಕಡೆಯ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ. ಆಕೆಯ ಪಾಲಿಗೆ ನಾನು ಊರಲ್ಲಿಲ್ಲ. ತವರಿನ ಕಡೆಯ ಆಶಾ ಕಾರ್ಯಕರ್ತೆಗೆ ನಾನು ಬಂದಿರುವುದೇ ತಿಳಿದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿಯಾಗಿರುವಾಗ, ತಾಯಿ ಕಾರ್ಡ್ ಹೆಂಗಸಿನ ಕೈಚೀಲದಲ್ಲಿ ತವರಿಗೆ ಬರುತ್ತದೆ, ಆದರೆ ಅವಳ ಜವಾಬ್ದಾರಿ ಮಾತ್ರ ಬರುವುದಿಲ್ಲ ಎಂದರೆ ಹೇಗೆ? ಅನುಭವವೇ ಇಲ್ಲದ ಮೊದಲ ಸಲದ ತಾಯಿಯೇ ಎರಡೂ ಪಟ್ಟಿಯಿಂದ ತಪ್ಪಿಹೋಗುತ್ತಾಳೆ. ಬಿಡುಗಡೆಯ ಹೊತ್ತಿಗೆ ‘ಇಲ್ಲಿಂದ ಯಾವ ಊರಿಗೆ ಹೋಗುತ್ತೀರಿ’ ಎಂದು ಕೇಳಿ, ಆ ಊರಿನ ಉಪಕೇಂದ್ರಕ್ಕೆ ಅಂದೇ ಫೋನು ಮಾಡುವುದನ್ನು ವಾರ್ಡಿನ ಕಡ್ಡಾಯ ಕೆಲಸವಾಗಿಸಿದರೆ ಈ ಕೊಂಡಿ ಕೂಡುತ್ತದೆ.

ಆಶಾ ಕಾರ್ಯಕರ್ತೆಯರ ಪರವಾಗಿಯೂ ಒಂದು ಮಾತು. ಮಗುವೊಂದರ ಎಲ್ಲ ಭೇಟಿಗಳನ್ನು ಪೂರೈಸಿದರೆ ಅವರಿಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಮಳೆಯಲ್ಲಿ ನಮ್ಮ ಮನೆಯವರೆಗೆ ಬರಲು ಜೀಪಿನವರು ಒಂದು ಸಲಕ್ಕೇ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ಕಾಡಾನೆ ಓಡಾಡುವ ತೋಟದ ದಾರಿಯಲ್ಲಿ ಜಿಗಣೆ ಕಿತ್ತುಹಾಕುತ್ತಾ, ತೂಕದ ತಕ್ಕಡಿ ಹೊತ್ತುಕೊಂಡು ಒಬ್ಬಳೇ ನಡೆದು ಬಾ ಎಂದು ಆ ಮೊತ್ತಕ್ಕೆ ಯಾರನ್ನೂ ಕೇಳುವ ಮುಖ ನಮಗಿರಬಾರದು. ಮಳೆಯ ನಾಲ್ಕು ತಿಂಗಳಾದರೂ ಮೂರನೆಯ ಮತ್ತು ಏಳನೆಯ ದಿನದ ಭೇಟಿಗೆ ವಾಹನದ ಖರ್ಚನ್ನು ವಿಪತ್ತು ನಿರ್ವಹಣೆಯ ಲೆಕ್ಕದಿಂದ ಕೊಡಲಿ.

ಇದಕ್ಕಿಂತ ಸರಳವಾದ ದಾರಿಯೂ ಇದೆ. ರಸ್ತೆ ಕಡಿಯುವ ಊರುಗಳಿಂದ ಬಂದ ಚೊಚ್ಚಲ ಬಾಣಂತಿಯರನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕನೆಯ ದಿನದವರೆಗೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವುದು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಹಜ ಹೆರಿಗೆಯಾದವರಿಗೆ ಮೂರು ದಿನ, ಸಿಸೇರಿಯನ್ ಆದವರಿಗೆ ಏಳು ದಿನ ಉಚಿತ ಊಟಕ್ಕೆ ಅವಕಾಶವಿದೆ. ಊಟದ ಲೆಕ್ಕ ಮೂರು ದಿನಕ್ಕೆ ಇರುವಾಗ ಕೊರತೆಯಾಗಿರುವುದು ಹಾಸಿಗೆ ಮಾತ್ರ. ಹೆರಿಗೆ ವಾರ್ಡಿನಲ್ಲಿ ಜಾಗವಿಲ್ಲದಿದ್ದರೆ ಆಸ್ಪತ್ರೆಯ ಆವರಣದಲ್ಲೇ ಬೆಚ್ಚಗಿನ ಒಂದು ದೊಡ್ಡ ಕೋಣೆ ಸಾಕು. ತಾಯಿ ಮಗು ಅಲ್ಲಿ ಮಲಗಿರಲಿ, ದಾದಿಯೊಬ್ಬರು ದಿನಕ್ಕೆರಡು ಸಲ ಬಂದು ಹಾಲು, ತೂಕ, ಮೈಬಣ್ಣ ನೋಡಿ ಹೋಗಲಿ. ಹೆರಿಗೆಗೆ ಮೊದಲೇ ಬಂದು ತಂಗುವುದಕ್ಕೆ ಒಡಿಶಾದ ಬೆಟ್ಟಗಾಡು ಪ್ರದೇಶಗಳಲ್ಲಿ ‘ಮಾ ಗೃಹ’, ಮಹಾರಾಷ್ಟ್ರದ ಗಡಚಿರೋಲಿಯಂಥ ಆದಿವಾಸಿ ಜಿಲ್ಲೆಗಳಲ್ಲಿ ‘ಮಾಹೇರ್ ಘರ್’ ಎಂಬ ವಸತಿಗಳಿವೆ. ರೈಲು ಹಳಿಯೇ ಇಲ್ಲದ, ಗಂಭೀರ ಸ್ಥಿತಿಯ ಶಿಶುವನ್ನು ಘಾಟಿ ಇಳಿಸಿ ಮಂಗಳೂರಿಗೋ ನೂರು ಕಿಲೊಮೀಟರಿಗೂ ಮಿಗಿಲಾದ ದಾರಿ ಸವೆಸಿ ಮೈಸೂರಿಗೋ ಒಯ್ಯಬೇಕಾಗಿ ಬರುವ ಕೊಡಗಿಗೂ ಅಂಥದೊಂದು ಬೇಡವೇ?

ನನಗೆ ಓದು ಬರುತ್ತದೆ, ನೆರೆಯವರು ಕೂಗಿದರೆ ಬರುತ್ತಾರೆ, ಜೀಪಿಗೆ ಕೊಡಲು ಹಣವಿತ್ತು. ತೋಟದ ಲೈನ್ ಮನೆಯಲ್ಲಿ ಹೆತ್ತ, ಕನ್ನಡ ಬಾರದ ಅಸ್ಸಾಮಿನ ಕಾರ್ಮಿಕ ಮಹಿಳೆಗೆ, ನಾಗರಹೊಳೆ ಅಂಚಿನ ಹಾಡಿಯ ಜೇನುಕುರುಬ, ಯರವ ಹೆಂಗಸಿಗೆ ಇವುಗಳಲ್ಲಿ ಒಂದಾದರೂ ಇರುತ್ತದೆಂದು ಹೇಳಲಾಗದು. ಜೊತೆಯಲ್ಲಿ ಉಳಿಯುವವರಿಗೆ ಆ ದಿನಗಳ ಕೂಲಿ ತಪ್ಪುತ್ತದೆಂಬ ಕಾರಣಕ್ಕೇ ಹೊರಟುಬಿಡುವವರು ಅವರು. ಆದ್ದರಿಂದ ಉಳಿಯಿರಿ ಎನ್ನುವಾಗ ಜೊತೆಗಿರುವ ಒಬ್ಬರ ಊಟವನ್ನೂ ಕೂಲಿಯನ್ನೂ ಸೇರಿಸಿಯೇ ಯೋಚಿಸಬೇಕು, ಬರೆದುಕೊಡುವ ಚೀಟಿಯಲ್ಲಿ ಚಿತ್ರಗಳೂ ಇರಬೇಕು.

ತಾಯಿಯ ಮನಸ್ಸಿನ ಬಗ್ಗೆ ಯಾರೂ ಕೇಳುವುದಿಲ್ಲ. ಹೆತ್ತ ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಸಹಜ. ಎರಡು ವಾರ ದಾಟಿಯೂ ನಿಲ್ಲದಿದ್ದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯೂ ಚೀಟಿಯಲ್ಲಿರಲಿ.

ಮುಂದಿನ ಮಳೆಗಾಲದ ಸಿದ್ಧತಾ ಸಭೆಯಲ್ಲಿ ಜಿಲ್ಲಾಡಳಿತವು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಈ ಐದೂ ತಾಲ್ಲೂಕುಗಳಲ್ಲಿ ಬಾಣಂತಿಯರಿಗಾಗಿ ಯಾವ ಆಸ್ಪತ್ರೆಯಲ್ಲಿ ಎಷ್ಟು ಹೆಚ್ಚುವರಿ ಹಾಸಿಗೆಗಳನ್ನು ಕಾದಿರಿಸಲಾಗುವುದು, ತವರಿಗೆ ಬಂದವರ ಹೆಸರನ್ನು ಯಾರ ಬಳಿ ಬರೆಸಬೇಕು ಎಂಬುದನ್ನು ತೀರ್ಮಾನಿಸಿ, ಮೇ ತಿಂಗಳು ಮುಗಿಯುವುದರೊಳಗೆ ತಮ್ಮ ಪತ್ರಿಕೆಯ ಮೂಲಕ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಚೊಚ್ಚಲ ಬಾಣಂತಿಯೊಬ್ಬಳು,
ನಾಪೋಕ್ಲು ಹೋಬಳಿ, ಕೊಡಗು
(ಹೆಸರನ್ನು ಪ್ರಕಟಿಸಬಾರದಾಗಿ ಕೋರಿಕೆ)