ಕಾಕಾನ ನಂಬರ್

ಲಂಡನ್
ಅಕ್ಟೋಬರ್ 3

ಅಪ್ಪ, ಅವ್ವ ಇಬ್ಬರಿಗೂ ನಮಸ್ಕಾರ.

ನಾನು ಆರಾಮ ಇದ್ದೇನೆ. ದಿನಾ ಫೋನ್ ಮಾಡುವವಳು ಪತ್ರ ಯಾಕೆ ಬರೆದಳು ಅಂತ ಗಾಬರಿ ಆಗಬೇಡಿ. ಫೋನಿನಲ್ಲಿ ಈ ವಿಷಯ ತೆಗೆದರೆ ಅಪ್ಪ "ಆತು, ಅವ್ವನ ಹತ್ರ ಮಾತಾಡು" ಅಂತ ದಾಟಿಸಿಬಿಡುತ್ತಾರೆ. ಪತ್ರವಾದರೆ ಹಾಗೆ ದಾಟಿಸಲು ಆಗುವುದಿಲ್ಲ. ಅವ್ವ, ಅವರ ಕನ್ನಡಕ ಫ್ರಿಜ್ ಮೇಲೆ ಇರುತ್ತದೆ, ತಂದುಕೊಡು.

ನಿನ್ನೆ ಅಕ್ಟೋಬರ್ 2. ಊರಿಗೆಲ್ಲ ಗಾಂಧಿ ಜಯಂತಿ, ನಮಗೆ ಕಾಕಾ ಹೋದ ದಿನ. ರಾತ್ರಿ ಪಾಳಿ ಮುಗಿದ ಮೇಲೆ ಬಸ್ ಹತ್ತಲಿಲ್ಲ. ಸುಮ್ನೆ ನಡೆಯುತ್ತಾ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಬಂದೆ. ಥೇಮ್ಸ್ ನದಿ ತುಂಬಿತ್ತು. ತುಂಬಿತ್ತು ಅಂದರೆ ನಮ್ಮ ಕೃಷ್ಣೆ ತುಂಬಿದ ಹಾಗಲ್ಲ. ಇಲ್ಲಿ ಸಮುದ್ರದ ಉಬ್ಬರಕ್ಕೆ ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಯಾರೂ ತಿರುಗಿ ಸಹ ನೋಡುವುದಿಲ್ಲ. ಆದರೂ ಕೆಂಪು ನೀರು ಕಂಡರೆ ನನಗೆ ಈಗಲೂ ಎದೆ ಡವಡವ ಅನ್ನುತ್ತದೆ.

ಸೇತುವೆ ದಾಟಿದರೆ ಪಾರ್ಲಿಮೆಂಟ್. ಅದರ ಗೇಟಿನ ಹತ್ತಿರ ಕೀತ್ ಪಾಮರ್ ಅನ್ನುವ ಕಾನ್‌ಸ್ಟೆಬಲ್ ಹೆಸರಿನಲ್ಲಿ ಒಂದು ಕಲ್ಲು ಇದೆ. 2017ರ ಮಾರ್ಚ್ 22ರಂದು ಒಬ್ಬ ಈ ಸೇತುವೆ ಮೇಲೆ ಜನರ ಮೇಲೇ ಕಾರು ಓಡಿಸಿದ. ಆಮೇಲೆ ಇಳಿದು, ಚಾಕು ಹಿಡಿದು ಗೇಟಿನ ಒಳಗೆ ನುಗ್ಗಿದ. ತಡೆಯಲು ಹೋದವರು ಪಾಮರ್. ಅವರ ಕೈಯಲ್ಲಿ ಬಂದೂಕು ಇರಲಿಲ್ಲ. ಇಲ್ಲಿ ಹೆಚ್ಚಿನ ಪೊಲೀಸರು ಬಂದೂಕು ಇಟ್ಟುಕೊಳ್ಳುವುದಿಲ್ಲ ಅಂತ ಹೇಳಿದಾಗ ನೀವು ನಂಬಿರಲಿಲ್ಲ ಅಲ್ವಾ ಅಪ್ಪ? ನಿಜ. ಅವರಿಗೆ 48 ವರ್ಷ, 15 ವರ್ಷದ ಸರ್ವಿಸ್. ಅಂತ್ಯಕ್ರಿಯೆಯ ದಿನ ಸಾವಿರಾರು ಪೊಲೀಸರು ರಸ್ತೆಯ ಎರಡೂ ಬದಿ ಸಾಲು ನಿಂತಿದ್ದರು. ಸರ್ಕಾರ ಶೌರ್ಯಕ್ಕೆ ಕೊಡುವ ಜಾರ್ಜ್ ಪದಕ ಕೊಟ್ಟಿತು.

ಇದೆಲ್ಲ ನೀವು ಟಿವಿಯಲ್ಲಿ ನೋಡಿರುತ್ತೀರಿ. ನಾನು ಹೇಳಬೇಕೆಂದಿರುವುದು ಬೇರೆ. ಪಾಮರ್ ಅವರ ಭುಜದ ಮೇಲೆ ಇದ್ದ ನಂಬರ್ 4157ಯು. ಆ ನಂಬರನ್ನು ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ ಅಂತ ಲಂಡನ್ ಪೊಲೀಸರು ತೀರ್ಮಾನ ಮಾಡಿದರು.

ಇದನ್ನು ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ. ಕಾಕಾನ ನಂಬರ್ ನೆನಪಾಯಿತು. ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಪೊಲೀಸ್ ಕ್ವಾರ್ಟರ್ಸಿನಲ್ಲಿ ಕಾಕಾನನ್ನು ಯಾರೂ ಹೆಸರಿನಿಂದ ಕರೆಯುತ್ತಿರಲಿಲ್ಲ. ನೀವೂ ಗೋಡೆ ಈಚೆಯಿಂದ ನಂಬರ್ ಕೂಗಿಯೇ "ಚಾ ಆಗ್ಯಾದ ಬಾ" ಅನ್ನುತ್ತಿದ್ದಿರಿ. ನಾನು ಸಣ್ಣವಳಿದ್ದಾಗ ಅದೇ ಅವನ ಹೆಸರು ಅಂದುಕೊಂಡಿದ್ದೆ.

2009ರಲ್ಲಿ ನನಗೆ 14. ಮಳೆ ಬಿಡಲೇ ಇಲ್ಲ. ರಾಯಚೂರಿನಲ್ಲಿ ಅಷ್ಟು ಮಳೆ ಯಾರು ನೋಡಿದ್ದರು? ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ನಾವು. ಮಂತ್ರಾಲಯದ ಮಠಕ್ಕೇ ನೀರು ನುಗ್ಗಿದೆ ಅಂತ ಸುದ್ದಿ ಬಂದಾಗ ಅವ್ವ ಒಲೆ ಮುಂದೆ ಕೈ ಮುಗಿದಳು. ನೀವು ಮತ್ತು ಕಾಕಾ ಇಬ್ಬರೂ ಬಂದೋಬಸ್ತಿಗೆ ಹೋಗಿದ್ದಿರಿ, ಬೇರೆ ಬೇರೆ ಹಳ್ಳಿಗೆ. ಕಾಕಾನ ಪಾಲಿಗೆ ಬಂದದ್ದು ಹಳ್ಳದ ಆಚೆಯ ಆ ಸಣ್ಣ ಊರು. ಹಗ್ಗ ಕಟ್ಟಿ, ಎದೆಮಟ್ಟದ ನೀರಿನಲ್ಲಿ ನಡುವೆ ಅವನೇ ಕಂಬದ ಹಾಗೆ ನಿಂತು, ಮುದುಕರನ್ನೂ ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಈಚೆ ದಾಟಿಸಿದನಂತೆ. ಕೊನೆಗೆ ಮೇಲಿನಿಂದ ಜಾಲಿ ಮರದ ಬೊಡ್ಡೆಯೊಂದು ನೀರಿನ ಜೊತೆ ಬಂತು. ದಡದಲ್ಲಿದ್ದವರು ಕೂಗಿದರು. ನೀರಿನ ಸದ್ದಿಗೆ ಅವನಿಗೆ ಕೇಳಲಿಲ್ಲ.

ಸಿಕ್ಕಿದ್ದು ಎರಡು ದಿನದ ಮೇಲೆ. ಆ ಎರಡು ದಿನ ಕಾಕು ಅನ್ನ ಮಾಡಿಟ್ಟುಕೊಂಡು ಕೂತಿದ್ದಳು. ಅವ್ವ ಪಕ್ಕದಲ್ಲಿದ್ದಳು, ಒಂದು ಮಾತೂ ಆಡಲಿಲ್ಲ.

ಪೇಪರಿನಲ್ಲಿ ಎರಡು ಸಾಲು ಬಂತು. "ಪೇದೆ ನೀರುಪಾಲು." ನೀವು ಆ ಪೇಪರನ್ನು ಮಡಚಿ ಮಡಚಿ ಬೆರಳಿನಷ್ಟು ಮಾಡಿಬಿಟ್ಟಿರಿ. "ಪೇದೆ ಅಂತ. ಅವನಿಗೊಂದು ಹೆಸರಿಲ್ಲೇನು?" ಅಂದಿರಿ. ನಿಮ್ಮ ಕಣ್ಣು ಕೆಂಪಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಂತ್ಯಕ್ರಿಯೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದಾಗ ಒಂದೊಂದು ಸುತ್ತಿಗೂ ಕಾಕು ಬೆಚ್ಚಿಬಿದ್ದಳು. ತಮ್ಮ ಮಾತ್ರ, ಏಳು ವರ್ಷದವನು, ಕೆಳಗೆ ಬಿದ್ದ ಖಾಲಿ ತೋಟಾ ಬೇಕು ಅಂತ ಹಟ ಮಾಡಿದ.

ಕಾಕಾ ಹೋದ 19 ದಿನಕ್ಕೆ ಅಕ್ಟೋಬರ್ 21. ಅದನ್ನು ಬರೆಯದೆ ಈ ಪತ್ರ ಮುಗಿಯುವುದಿಲ್ಲ.

ಆ ದಿನ ಪೊಲೀಸ್ ಹುತಾತ್ಮರ ದಿನ. ಅದರ ಕಥೆ ನೀವು ಪ್ರತಿ ವರ್ಷ ಹೇಳುತ್ತಿದ್ದಿರಿ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾದವರ ಗುಂಡಿಗೆ ನಮ್ಮ ಹತ್ತು ಜನ ಪೊಲೀಸರು ಬಿದ್ದರು ಅಂತ. ಹೆಸರಿನಲ್ಲೇ ಬಿಸಿನೀರು ಇದೆಯಲ್ಲ, ಅಲ್ಲಿ ಚಳಿ ಹೇಗೆ ಅಂತ ನಾನು ಕೇಳಿ ಬೈಸಿಕೊಂಡಿದ್ದೆ. ಅವರ ಶವಗಳನ್ನು ಚೀನಾ ವಾಪಸು ಕೊಟ್ಟದ್ದು ನವೆಂಬರ್ 13ಕ್ಕೆ. ಮೂರು ವಾರ. ಕಾಕುವಿನ ಎರಡು ದಿನ ನೋಡಿದ ಮೇಲೆ ಆ ಮೂರು ವಾರ ಏನು ಅಂತ ನನಗೆ ಗೊತ್ತಾಯಿತು.

ಆ ದಿನ ಬೆಳಿಗ್ಗೆ ಕಾಕು ಯಾರೂ ಕರೆಯದಿದ್ದರೂ ಮೈದಾನಕ್ಕೆ ಬಂದಳು. ತಮ್ಮನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿದ್ದಳು. ನಾನು ಅವಳ ಪಕ್ಕ ಕೂತಿದ್ದೆ. ಬ್ಯೂಗಲ್ ಆಯಿತು, ಹೂವು ಇಟ್ಟರು, ಹೆಸರು ಓದಲು ಶುರು ಮಾಡಿದರು. ದೇಶದ ಎಲ್ಲ ರಾಜ್ಯದ ಹೆಸರುಗಳು. ಕಾಶ್ಮೀರ, ಛತ್ತೀಸಗಢ, ಎಲ್ಲೆಲ್ಲಿಂದಲೋ. ಕರ್ನಾಟಕ ಬಂದಾಗ ಕಾಕು ಸೆರಗು ಸರಿ ಮಾಡಿಕೊಂಡಳು. ಓದಿ ಮುಗಿಸಿದರು. ಕಾಕಾನ ಹೆಸರು ಬರಲಿಲ್ಲ.

ಪಟ್ಟಿ ಮಾಡುವುದು ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ಅಂತ ನೀವು ಆಮೇಲೆ ಕಾಕುಗೆ ತಿಳಿಸಿ ಹೇಳಿದಿರಿ. ಅಕ್ಟೋಬರ್‌ನಲ್ಲಿ ಹೋದವನ ಹೆಸರು ಮುಂದಿನ ಸಲ. ತಪ್ಪು ಯಾರದೂ ಅಲ್ಲ, ಲೆಕ್ಕ ಹಾಗೆ. ಕಾಕು ಎಲ್ಲ ಕೇಳಿ, "ಅಂದ್ರ ಈ ವರ್ಷ ಅವ್ರು ಇನ್ನೂ ಸತ್ತಿಲ್ಲ ಅನ್ರಿ" ಅಂದಳು. ನೀವು ಹೊರಗೆ ಹೋಗಿ ನಿಂತಿರಿ. ಅವಳಿಗೆ ಒಂದು ಮಾತು ಮೊದಲೇ ಹೇಳಬೇಕಿತ್ತು ಅಪ್ಪ. ನಿಮಗೂ ಅದೇ ಕೊರಗು ಇದೆ ಅಂತ ಗೊತ್ತು. ಅದಕ್ಕೇ ನೀವು ಫೋನ್ ದಾಟಿಸುವುದು.

ಮುಂದಿನ ವರ್ಷ ಓದಿದರು. ಎರಡು ಸೆಕೆಂಡು.

ಆ ಹೊತ್ತಿಗೆ ನಂಬರ್ ಬೇರೆಯವರಿಗೆ ಹೋಗಿತ್ತು. ಬೆಳಿಗ್ಗೆ ರೋಲ್ ಕಾಲಿನಲ್ಲಿ ಆ ನಂಬರ್ ಕರೆದರು, ಯಾವುದೋ ಎಳೆ ದನಿ "ಹಾಜರ್ ಸರ್" ಅಂತು, ನೀವು ತಿರುಗಿ ನೋಡಿ ಲೈನ್ ಕೆಡಿಸಿ ಬೈಸಿಕೊಂಡಿರಿ. ಇದನ್ನು ನನಗೆ ಹೇಳಿದ್ದು ಅವ್ವ. ಹೊಸ ಬ್ಯಾಚಿನ ಹುಡುಗ, ಮೀಸೆ ಸಹ ಸರಿಯಾಗಿ ಬಂದಿರಲಿಲ್ಲ. ನೀವು ಅವನ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ಪಾಪ, ಅವನೇನು ಮಾಡಿದ್ದ?

ಕಾಕುಗೆ ಗೊತ್ತಾದಾಗ ಏನು ಮಾಡಿದಳು, ನೆನಪಿದೆಯಾ? ಆ ಹುಡುಗನನ್ನು ಊಟಕ್ಕೆ ಕರೆದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅವನಿಗೆ ವಿಷಯ ಗೊತ್ತಾಗಿ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಕಾಕು, "ಉಣ್ಣಪಾ, ನಂಬರ್ ಸುಮ್ನ ಪೆಟ್ಟಿಗ್ಯಾಗ ಇಟ್ರ ಜಂಗ ಹಿಡೀತದ. ನೀ ಹಾಕ್ಕೊಂಡು ಅಡ್ಡಾಡು" ಅಂದಳು. ಈಗಲೂ ಆ ಹುಡುಗ ದಸರಾಕ್ಕೆ ಬನ್ನಿ ಕೊಡಲು ಕಾಕುವಿನ ಮನೆಗೆ ಬರುತ್ತಾನೆ ಅಂತ ಅವ್ವ ಹೇಳುತ್ತಿರುತ್ತಾಳೆ.

ನಿನ್ನೆ ಆ ಕಲ್ಲಿನ ಮುಂದೆ ನಿಂತಾಗ ಇದೇ ತಲೆಯಲ್ಲಿ ಓಡುತ್ತಿತ್ತು. ನಂಬರನ್ನು ಯಾರಿಗೂ ಕೊಡದೆ ಎತ್ತಿಡುವುದು ದೊಡ್ಡ ಮರ್ಯಾದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಕು ಮಾಡಿದ್ದು ನನಗೆ ಅದಕ್ಕಿಂತ ಜಾಸ್ತಿ ಅನಿಸುತ್ತದೆ. ಅವಳಿಗೆ ಅದನ್ನು ಮಾಡು ಅಂತ ಯಾವ ಇಲಾಖೆಯೂ ಹೇಳಿರಲಿಲ್ಲ. ನೀವು ಒಪ್ಪುವುದಿಲ್ಲ, ಗೊತ್ತು.

ಒಂದು ವಿಷಯದಲ್ಲಿ ಮಾತ್ರ ಇಲ್ಲಿಯವರನ್ನು ನೋಡಿ ಹೊಟ್ಟೆಕಿಚ್ಚಾಗುತ್ತದೆ. 1984ರ ಏಪ್ರಿಲ್‌ನಲ್ಲಿ ಇವೊನ್ ಫ್ಲೆಚರ್ ಅನ್ನುವ ಪೊಲೀಸ್ ಹುಡುಗಿ, 25 ವರ್ಷ, ಇಲ್ಲಿಯ ಲಿಬಿಯಾ ರಾಯಭಾರ ಕಚೇರಿಯಿಂದ ಬಂದ ಗುಂಡಿಗೆ ಸತ್ತಳು. ಗಲಾಟೆ ನಡೆಯುತ್ತಿತ್ತು, ಅವಳು ಬಂದೋಬಸ್ತಿಗೆ ನಿಂತಿದ್ದಳು. ಇದನ್ನು ನೋಡಿ ಒಬ್ಬ ಸಿನಿಮಾ ನಿರ್ದೇಶಕ ಪೇಪರಿಗೆ ಒಂದು ಪತ್ರ ಬರೆದ. ಅವಳ ನೆನಪಿಗೆ ಏನಾದರೂ ನಿಲ್ಲಿಸೋಣ ಅಂತ. ಜನ ದುಡ್ಡು ಕಳಿಸಿದರು. ಫ್ಲೆಚರ್ ಕಲ್ಲಿನಿಂದ ಶುರುವಾಗಿ ಈಗ ದೇಶದ ತುಂಬಾ, ಡ್ಯೂಟಿ ಮೇಲೆ ಪೊಲೀಸರು ಬಿದ್ದ ಜಾಗದಲ್ಲಿ, ಅಂಥ ಕಲ್ಲುಗಳಿವೆ. ಸ್ಮಶಾನದಲ್ಲಿ ಅಲ್ಲ, ಸ್ಮಾರಕದಲ್ಲೂ ಅಲ್ಲ. ಫುಟ್‌ಪಾತ್ ಪಕ್ಕ. ಆಫೀಸಿಗೆ ಓಡುವವರ ಕಾಲ ಹತ್ತಿರ. "ಇಲ್ಲಿ ಬಿದ್ದರು" ಅಂತ ಬರೆದು ಹೆಸರು, ತಾರೀಖು. ಅಷ್ಟೇ.

ನಮ್ಮ ಹಳ್ಳದ ಮೇಲೆ ಈಗ ಸೇತುವೆ ಆಗಿದೆ ಅಂದಿರಿ. ಒಂದು ಕಲ್ಲು ಇಡಲು ಎಷ್ಟಾಗುತ್ತದೆ ಅಪ್ಪ? ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ದನ ಕಾಯುತ್ತಾ ಸತ್ತವನಿಗೂ ಒಂದು ಕಲ್ಲು ನೆಟ್ಟವರು ನಾವು. ಗ್ರಾಮ ಪಂಚಾಯಿತಿಯವರನ್ನು ಒಂದು ಮಾತು ಕೇಳಿ. ದುಡ್ಡು ನಾನು ಕಳಿಸುತ್ತೇನೆ. ಆದರೆ ನನ್ನ ಹೆಸರು ಬೇಡ. ಆ ಊರಿನವರೂ ಹತ್ತು ಹತ್ತು ರೂಪಾಯಿ ಹಾಕಿದರೆ ಚೆನ್ನ. ಅವನು ದಾಟಿಸಿದ ಮಕ್ಕಳಿಗೆ ಈಗ ಮಕ್ಕಳಾಗಿರಬೇಕು. ಕಲ್ಲಿನ ಮೇಲೆ ದಯವಿಟ್ಟು ಪೇದೆ ಅಂತ ಬರೆಸಬೇಡಿ. ಹೆಸರು, ಊರು, ನಂಬರ್ ಮೂರೂ ಇರಲಿ.

2014ರಲ್ಲಿ ಕಲಬುರಗಿಯ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಅವರು ಗುಂಡೇಟು ತಿಂದು ವಾರ ಒದ್ದಾಡಿ ಹೋದರಲ್ಲ, ಆಗ ನೀವು ಟಿವಿ ಮುಂದೆ ಊಟ ಬಿಟ್ಟು ಕೂತಿದ್ದಿರಿ. "ಗುಂಡಿಗೆ ಸತ್ತರೂ ಒಂದೇ, ನೀರಿಗೆ ಸತ್ತರೂ ಒಂದೇ. ಡ್ಯೂಟಿ ಡ್ಯೂಟಿನೇ" ಅಂದಿರಿ. ಆವತ್ತು ನೀವು ಯಾರನ್ನು ನೆನೆಸಿಕೊಂಡಿರಿ ಅಂತ ನಮಗೆಲ್ಲ ಗೊತ್ತಿತ್ತು.

ಇನ್ನೊಂದು. ದೆಹಲಿಯ ಚಾಣಕ್ಯಪುರಿಯಲ್ಲಿ 2018ರ ಅಕ್ಟೋಬರ್ 21ಕ್ಕೆ ರಾಷ್ಟ್ರೀಯ ಪೊಲೀಸ್ ಸ್ಮಾರಕ ಶುರುವಾಯಿತು. ನಡುವೆ 30 ಅಡಿ ಎತ್ತರದ ಒಂದೇ ಗ್ರಾನೈಟ್ ಕಲ್ಲು. ಸ್ವಾತಂತ್ರ್ಯ ಬಂದಾಗಿನಿಂದ ಡ್ಯೂಟಿ ಮೇಲೆ ಸತ್ತವರ ಹೆಸರನ್ನು ಅಲ್ಲಿಯ ಗೋಡೆ ಮೇಲೆ ಕೆತ್ತಿದ್ದಾರೆ, 34 ಸಾವಿರಕ್ಕೂ ಜಾಸ್ತಿ. ಅದರಲ್ಲಿ ಕಾಕಾನ ಹೆಸರನ್ನು ಹುಡುಕಬೇಕು. ಎರಡು ಸೆಕೆಂಡಿನಲ್ಲಿ ಕೇಳಿದ್ದನ್ನು ಕಾಕು ಒಮ್ಮೆ ಕೈಯಿಂದ ಮುಟ್ಟಿ ನೋಡಲಿ.

ನಾನು ಫೆಬ್ರವರಿಯಲ್ಲಿ ಬರುತ್ತೇನೆ, ರಜೆ ಮಂಜೂರಾಗಿದೆ. ಅಷ್ಟು ಹೊತ್ತಿಗೆ ದೆಹಲಿಯ ಚಳಿಯೂ ಸ್ವಲ್ಪ ಕಡಿಮೆ ಆಗಿರುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ನಮ್ಮ ರಾಯಚೂರಿನಲ್ಲೇ ನಿಲ್ಲುತ್ತದೆ, ಎಲ್ಲೂ ಬದಲಾಯಿಸುವ ತಾಪತ್ರಯ ಇಲ್ಲ. ನೀವು, ಅವ್ವ, ಕಾಕು, ನಾನು. ತಮ್ಮನಿಗೆ ರಜೆ ಸಿಕ್ಕರೆ ಅವನೂ. ಕಾಕು ಮೊದಲು ಬೇಡ ಅನ್ನುತ್ತಾಳೆ, ಎಮ್ಮೆ ಯಾರು ನೋಡಿಕೊಳ್ಳುತ್ತಾರೆ ಅನ್ನುತ್ತಾಳೆ. ಎಮ್ಮೆಯನ್ನು ಆ ನಂಬರಿನ ಹುಡುಗನಿಗೆ ಒಪ್ಪಿಸಿ. ಹುಡುಗ ಅಂತೀನಿ, ಅವನಿಗೂ ಈಗ ಹೆಡ್ ಕಾನ್‌ಸ್ಟೆಬಲ್ ಆಗುವ ವಯಸ್ಸು.

ಹಬ್ಬದಲ್ಲಿ ಬನ್ನಿ ಕೊಡಲು ಹೋದಾಗ ಅವಳನ್ನು ಕೇಳಿ, ಆವತ್ತೇ ಫೋನ್ ಮಾಡಿ. ನೀವೇ ಮಾಡಿ, ಅವ್ವನ ಕೈಗೆ ಕೊಡಬೇಡಿ. ಕಾಕುವಿನ ಮೊಣಕಾಲು ನೋವು ಅಂದಿದ್ದಿರಿ, ತಡ ಮಾಡಿದರೆ ಕೆಳಗಿನ ಬರ್ತ್ ಸಿಗುವುದಿಲ್ಲ.

ನಿಮ್ಮ ಮಗಳು