ಆಟೀನ್ ರಾಣಿ ಇನ್ನೂ ನನ್ನ ಹತ್ತಿರಾನೇ ಇದ್ದಾಳೆ

ಲೋ ಗೆಳೆಯಾ,

ವರ್ಷದ ಕೊನೆಯ ವಾರ. ನಿನಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಹೀಗೆ ಊರಿಗೆಲ್ಲ ಕೇಳುವ ಹಾಗೆ ಬರೆದರೆ ನೀನು ತಪ್ಪಿಸಿಕೊಳ್ಳೋಕೆ ಆಗಲ್ಲ, ಅದಕ್ಕೆ. ಛತ್ರಿ ಕೇಸು ಎತ್ತಲ್ಲ, ಹೆದರಬೇಡ.

ಮೊನ್ನೆ ಬೀರು ಖಾಲಿ ಮಾಡುವಾಗ ನಮ್ಮ ಇಸ್ಪೀಟು ಕಟ್ಟು ಸಿಕ್ಕಿತು. ರಬ್ಬರ್ ಬ್ಯಾಂಡು ಕರಗಿ ಮೇಲಿನ ಎಲೆಗೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿದೆ. ಆಟೀನ್ ರಾಣಿ ಹಾಗೇ ಇದ್ದಾಳೆ. ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ನೀನು ಬಾಲ್‌ಪೆನ್ನಿನಲ್ಲಿ ಬರೆದವಳು, ಮೂಗು ಮಾತ್ರ ಥೇಟ್ ನಿನ್ನದು. ಉಳಿದ ಎಲೆಗಳಿಗಿಂತ ದಪ್ಪ. ಯಾರ ಕೈಗೆ ಬಂದಳು ಅಂತ ನಾಲ್ವರಿಗೂ ಗೊತ್ತಾಗುತ್ತಿತ್ತು. ಆದರೂ ಗೊತ್ತಿಲ್ಲದವರ ಹಾಗೆ ಆಡುತ್ತಿದ್ದೆವು, ಅಲ್ವಾ?

ವರ್ಷದ ಕೊನೆಯ ರಾತ್ರಿ, ತಾರಸಿ, ಒಂದೇ ಜಮಖಾನ. ಮೊದಲು ನಿದ್ದೆ ಹೋದವನಿಗೆ ಮೀಸೆ. ಬೆಳಕು ಹರಿಯುವ ತನಕ ಯಾರೂ ಕೆಳಗಿಳಿಯುವಂತಿಲ್ಲ.

ಈಗ ಹನ್ನೆರಡು ಗಂಟೆಗೆ ಫೋನಿಗೆ ಪಟಾಕಿ ಚಿತ್ರ ಬರುತ್ತದೆ. ನಾನೂ ಅದನ್ನೇ ಇನ್ನೊಬ್ಬರಿಗೆ ದಾಟಿಸುತ್ತೇನೆ. ಪ್ರಪಂಚದ ಮೊದಲ ಎಸ್ಸೆಮ್ಮೆಸ್ಸೂ ಹಬ್ಬದ ಶುಭಾಶಯವೇ ಅಂತೆ. 1992ರ ಡಿಸೆಂಬರ್ 3ರಂದು ನೀಲ್ ಪ್ಯಾಪ್‌ವರ್ತ್ ಅನ್ನೋ 22ರ ಹುಡುಗ 'ಮೆರ್ರಿ ಕ್ರಿಸ್‌ಮಸ್' ಅಂತ ಕಳಿಸಿದ. ಅದು ಬಂದ ಫೋನಿನಿಂದ ತಿರುಗಿ ಸಂದೇಶ ಕಳಿಸೋ ಸೌಲಭ್ಯವೇ ಇರಲಿಲ್ಲ. ಅವರಿಗೆ ಒಂದು ಕಾರಣ ಇತ್ತು. ನಮಗೇನು ಬಂದಿದೆ ರೋಗ?

ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಪರಿಚಯದವರು ಆಪ್ತ ಗೆಳೆಯರಾಗೋಕೆ ಸುಮಾರು 200 ಗಂಟೆ ಜೊತೆಗಿರಬೇಕಂತೆ. ನಮಗೆ ಅದು ಒಂದೇ ರಜೆಯಲ್ಲಿ ಮುಗಿದಿರಬೇಕು. ಸುಮ್ನೆ ಈ ವರ್ಷದ ನಮ್ಮ ಲೆಕ್ಕ ತೆಗೆದೆ. ಎರಡು ಫೋನು, ಒಟ್ಟು ಹನ್ನೊಂದು ನಿಮಿಷ. ಅದರಲ್ಲಿ ನಾಲ್ಕು ನಿಮಿಷ 'ಹಲೋ, ಕೇಳಿಸ್ತಿದೆಯಾ?'

ಆಟ ಯಾಕೆ ನಿಂತಿತು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧ ಇರುತ್ತದೆ. ನಿನಗೆ ಮದುವೆಯಾಯಿತು, ಇನ್ನೊಬ್ಬ ವಿಮಾನ ಹತ್ತಿದ, ಮತ್ತೊಬ್ಬನಿಗೆ ಬಿ.ಪಿ. ಬಂತು. ಎಷ್ಟು ಸಲ ಹೇಳಿದ್ದೇನೆಂದರೆ ನಾನೇ ನಂಬಿಬಿಟ್ಟಿದ್ದೆ. ಮೊನ್ನೆ ಎಲೆ ಎಣಿಸುವಾಗ ಕೈ ನಿಂತಿತು. ಮೊದಲು ಬರದೇ ಇದ್ದವನು ನಾನು. 'ಆಫೀಸಲ್ಲಿ ರಜೆ ಕೊಡಲಿಲ್ಲ' ಅಂದಿದ್ದೆ. ಆಫೀಸೇ ಇರಲಿಲ್ಲ ಕಣೋ. ಅಕ್ಟೋಬರಿನಲ್ಲೇ ಕೆಲಸ ಹೋಗಿತ್ತು. ನೀವೆಲ್ಲ ಬಡ್ತಿಯ ಮಾತಾಡುವಾಗ ನಡುವೆ ಕೂತು ಎಲೆ ಕಲಸುವ ಧೈರ್ಯ ಆಗಲಿಲ್ಲ. ದೀಪ ಆರಿಸಿ ಮಲಗಿದ್ದೆ. ನೀನು ಮೂರು ಸಲ ಫೋನ್ ಮಾಡಿದೆ. ಅದು ಎದೆಯ ಮೇಲೇ ಗುರುಗುಟ್ಟುತ್ತಿತ್ತು. ಎತ್ತಲಿಲ್ಲ.

ಇಸ್ಪೀಟು ಕಟ್ಟೂ ನನ್ನ ಹತ್ತಿರಾನೇ ಇತ್ತು. ಎಲೆ ಇಲ್ಲದೆ ನೀವು ಮೂವರು ಬೆಳಗಿನ ತನಕ ಏನು ಮಾಡಿದಿರಿ? ಇವತ್ತಿನ ತನಕ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ನಿನಗೆ ಅವತ್ತೇ ಗೊತ್ತಿತ್ತೇನೋ. ದಪ್ಪ ಎಲೆ ಕಂಡರೂ ಕಾಣದ ಹಾಗೆ ಕೂರುವವನಲ್ವಾ ನೀನು.

ಛೆ, ಇದನ್ನೆಲ್ಲ ಬರೆಯೋಕೆ ಕೂತಿದ್ದಲ್ಲ. ಓದುತ್ತಿರುವ ಉಳಿದವರು ದಯವಿಟ್ಟು ಆಚೆ ನೋಡಿ.

ಈ ಸಲ ಬಾರೋ. ಹತ್ತೂವರೆಗೇ ನನಗೆ ನಿದ್ದೆ ಬಂದುಬಿಡುತ್ತದೆ, ಆರಾಮಾಗಿ ಮೀಸೆ ಬರಿ. ಬಿಳಿ ಇಂಕೇ ತಾ, ಕಪ್ಪು ಈಗ ತಲೆಗೆ ಮ್ಯಾಚ್ ಆಗಲ್ಲ.

ಅಂದಹಾಗೆ ರಾಣಿಯನ್ನು ಸೇರಿಸಿದರೂ ಎಲೆ ಐವತ್ತೊಂದೇ ಇವೆ. ಇನ್ನೊಂದು ನಿನ್ನ ಹತ್ತಿರ ಇದೆ. ಇಲ್ಲ ಅನ್ನೋದಾದರೆ ಹದಿನೇಳನೇ ಮೆಟ್ಟಿಲ ಮೇಲೆ ನಿಂತು ಆಣೆ ಮಾಡು ನೋಡೋಣ.

ನಿನ್ನ,
ಮೀಸೆ